ಬಾಗಿಲಿಗೆ ಬೇವು

ಟಿಕೋಟಾದ ನಮ್ಮ ಓಣಿಯಲ್ಲಿ ಯಾರ ಮೈಮೇಲಾದರೂ ಗುಳ್ಳೆ ಎದ್ದರೆ ಬಾಗಿಲಿಗೆ ಬೇವು ಕಟ್ಟುತ್ತಾರೆ. ದೇವಿ ಬಂದಿದ್ದಾಳೆಂದು ಹೊರಗಿನವರು ಹೊಸ್ತಿಲು ದಾಟುವುದಿಲ್ಲ. ಇದು ದೇವಿಯಲ್ಲ ರೋಗ, ಆಸ್ಪತ್ರೆಗೆ ನಡೀರಿ ಎಂದು ಬಡಕೊಂಡು ಬಡಕೊಂಡು ಆಶಾ ಕಾರ್ಯಕರ್ತೆಯಾದ ನನ್ನ ಗಂಟಲು ಹರಿದಿದೆ. ಅಂಥ ನಾನೇ ಮೊನ್ನೆ ಹಾಡುಹಗಲೇ ಬೇವಿನ ಗಿಡಕ್ಕೆ ಜೋತುಬಿದ್ದು ಟೊಂಗೆ ಮುರಿದೆ!

ಕಾರಣ ಶೈಲಾ. ಬಬಲೇಶ್ವರದಲ್ಲಿ ಸಂಗು ಎಂಬ ಗಂಡುಮಗನಾಗಿ ಹುಟ್ಟಿದವಳು, ಈಗ ಹೆಣ್ಣಾಗಿ ಬದುಕುತ್ತ ನಮ್ಮ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದು ಬ್ಲೌಸು ಹೊಲಿಯುತ್ತಾಳೆ. ಅವಳಣ್ಣ ಯಲ್ಲಾಲಿಂಗ ಕೊಡಲಿ ಹಿಡಿದು ಗಾಡಿ ಹತ್ತಿದ್ದಾನೆಂದು ಅವರೂರಿನ ಆಶಾ ಕಾರ್ಯಕರ್ತೆ ಫೋನು ಮಾಡಿದಳು. ಹೋದ ವರ್ಷ ಇವಳಂಥವಳೇ ಒಬ್ಬಳು ಬಾವಿಯಲ್ಲಿ ಹೆಣವಾಗಿ ಸಿಕ್ಕಾಗ ಕಾಲು ಜಾರಿತೆಂದು ಬರೆದು ಪೊಲೀಸರು ಕೇಸು ಮುಗಿಸಿದರು. ಡೆಂಗಿಯಿಂದ ಒಬ್ಬರು ಸತ್ತರೆ ಊರೆಲ್ಲ ಔಷಧ ಹೊಡೆಸುತ್ತೀರಿ, ಈ ಸಾವು ನಿಲ್ಲಿಸಲು ಏನು ಮಾಡುತ್ತೀರಿ ಎಂದು ಆರೋಗ್ಯ ಇಲಾಖೆಯ ಮೀಟಿಂಗಿನಲ್ಲಿ ಕೇಳಿದ್ದೆ. ಸಾಹೇಬರು ಚಹಾ ತರಿಸಿದ್ದರು.

ಈ ಸಲ ಬಿಡುವ ಮಾತೇ ಇಲ್ಲ. ಕೈ ಸರಸರ ಓಡುತ್ತಿತ್ತು. ಪೊಲೀಸರಿಗೆ ಫೋನು ಹಚ್ಚಿದೆ, ಹೊರಟೆವೆಂದರು. ಶೈಲಾಳಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳಲು ಹೇಳಿ ಬಾಗಿಲಿಗೆ ಬೇವು ಕಟ್ಟಿದೆ, ಅರಿಸಿನ ನೀರು ಚೆಲ್ಲಿದೆ. ಅಷ್ಟರಲ್ಲಿ ಗಾಡಿ ಬಂದೇಬಿಟ್ಟಿತು.

ಯಲ್ಲಾಲಿಂಗ ಕೊಡಲಿ ಎತ್ತಿಕೊಂಡೇ ನುಗ್ಗಿದ. ಬೇವು ಕಂಡದ್ದೇ ತಡ, ಗಕ್ಕನೆ ನಿಂತ.

“ದೇವಿ ಬಂದಾಳ. ಮೈತುಂಬ ಎದ್ದಾವು. ಒಳಗ ಬರತಿದ್ರ ಬಾ,” ಎಂದೆ.

ಅವನು ಕೊಡಲಿ ಇಳಿಸಿದ, ಚಪ್ಪಲಿ ಕಳಚಿದ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ:

“ಜೀವಕ್ಕೇನೂ ಆಗಂಗಿಲ್ಲಲ್ರಿ, ಯಕ್ಕಾ?”

ನನಗೆ ನಗು ಬಂತೋ ಸಿಟ್ಟು ಬಂತೋ! ಕೊಲ್ಲಲು ಬಂದವನ ಕಣ್ಣಲ್ಲಿ ನೀರು. ಅದನ್ನು ನಂಬಿ ಬಾಗಿಲು ತೆಗೆಯುವ ಹುಚ್ಚಿ ನಾನಲ್ಲ. ತಂಬಿಗೆ ಕೊಟ್ಟು, ಹೊಸ್ತಿಲಿಗೆ ನೀರು ಹಾಕಿ ಬೇಡಿಕೋ ಎಂದು ಕೂಡಿಸಿದೆ. ಪೊಲೀಸ್ ಜೀಪು ಬಂದಾಗಲೂ ಕೈ ಮುಗಿದೇ ಕೂತಿದ್ದ. ಕೊಡಲಿಸಹಿತ ಹತ್ತಿಸಿಕೊಂಡು ಹೋದರು. ಓಣಿಯ ಹೆಂಗಸರು ಹೋ ಎಂದು ಕೇಕೆ ಹಾಕಿದರು, ನಾನೂ ಹಾಕಿದೆ. ಒಂದು ಜೀವ ಉಳಿಸಿದ್ದೆವು, ಸಣ್ಣ ಮಾತೇ?

ಶೈಲಾ ಚಿಲಕ ತೆಗೆದು ಬಂದಳು. ನಾನು ಕುಣಿಯುವುದೊಂದೇ ಬಾಕಿ. ಅವಳು ಮಾತ್ರ ಜೀಪು ಹೋದ ರಸ್ತೆಯನ್ನೇ ನೋಡುತ್ತ ನಿಂತಳು.

“ನನಗ ಜಡ್ಡ ಬಂದೈತಿ ಅಂದ್ರ ಅಳತಾನ, ಯಕ್ಕಾ,” ಎಂದಳು. “ಸೀರಿ ಉಟ್ಟು ಆರಾಮ ಅದೀನಿ ಅಂದ್ರ ಕೊಡಲಿ ತರತಾನ.”