ಹಣೆಯ ಮಣ್ಣು

ಪರಪ್ಪನ ಬೆನ್ನು ಮಣ್ಣಿಗೆ ಹತ್ತಿತ್ತು. ಅಲ್ಲಿಗೆ ಕುಸ್ತಿ ಮುಗಿಯಬೇಕಿತ್ತು. ಆದರೆ ಗರಡಿಯ ಗುರು ಶಿದ್ಲಿಂಗಪ್ಪ ವಸ್ತಾದ ಅವನ ಬಲಗೈ ಬಿಡಲಿಲ್ಲ.

ಹುಕ್ಕೇರಿಯ ಆ ಗರಡಿಯಲ್ಲಿ ಒಂದು ಪದ್ಧತಿ. ಪರಸ್ಥಳಕ್ಕೆ ಆಡಲು ಹೋಗುವ ಶಿಷ್ಯ ಗುರುವಿನ ಜೊತೆ ಕುಸ್ತಿ ಹಿಡಿದು, ತಾನಾಗಿ ಸೋತು ಮಲಗಬೇಕು. ಗುರು ಬಲಗೈಯಿಂದ ಅವನ ಹಣೆಗೆ ಗರಡಿಯ ಮಣ್ಣು ಹಚ್ಚಿ ಎಬ್ಬಿಸಬೇಕು. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನ ಕೆಲಸ. ಕೊಲಂಬೋಕ್ಕೆ ಹೋಗುವಾಗಲೂ ಪರಪ್ಪ ಹೀಗೇ ಸೋತು ಹೋಗಿ, ಡಿಸ್ಕಸ್ ಚಕ್ರ ಒಗೆದು ಗೆದ್ದು ಬಂದಿದ್ದ. ಈ ಸಲ ವಿಲಾಯತಿಯಲ್ಲಿ ಆಟ. ಸಂಜೆ ಘಟಪ್ರಭಾದಲ್ಲಿ ರೈಲು, ಮುಂಬೈಯಲ್ಲಿ ಹಡಗು.

ಮೂಡಲಗಿಯಿಂದ ಬಂದ ಈ ತಬ್ಬಲಿಗೆ ವಸ್ತಾದ ಹಾಲು ತುಪ್ಪ ಹಾಕಿ ಸಾಕಿದ್ದು ಕೊಲ್ಲಾಪುರದ ಪೈಲವಾನರ ಮೇಲೆ ಬಿಡಲು. ಆದರೆ ಗೋಕಾಕದ ಡ್ರಿಲ್ ಮಾಸ್ತರ ಅವನ ಕೈಗೆ ಡಿಸ್ಕಸ್ ಕೊಟ್ಟ. ಊರವರು ಅದನ್ನು ಉಣ್ಣುವ ತಾಟು ಎಂದು ನಕ್ಕರು. ಕೊಲಂಬೋದಿಂದ ಬಂದವನು ಕುಸ್ತಿಯನ್ನೇ ಬಿಟ್ಟಾಗ ಮುದುಕನಿಗೆ ನಗು ಬರಲಿಲ್ಲ, ಹೊಟ್ಟೆ ಉರಿಯಿತು.

“ಚಿತ್ತಾದ್ನೆಲ್ರಿ ವಸ್ತಾದರ. ಬಿಡ್ರಿ.”

“ಬಿಡಾಕ ಹಿಡದಿಲ್ಲ.”

ವಸ್ತಾದ ಅವನನ್ನು ಬೋರಲು ಹಾಕಿ, ಕುತ್ತಿಗೆಯ ಮೇಲೆ ಮೊಣಕಾಲೂರಿ, ಕೈಯನ್ನು ಹಿಂದಕ್ಕೆ ತಿರುವಿದ. ಭುಜದೊಳಗೆ ಏನೋ ಲಟಕ್ ಎಂದಿತು. ಪರಪ್ಪನ ಬಾಯಿಗೆ ಮಣ್ಣು ಹೊಕ್ಕಿತು. ನೋಡಲು ಬಂದವರು ಚುರುಮುರಿ ತಿನ್ನುತ್ತ ನಿಂತಿದ್ದರು.

“ಮುದುಕನ್ನ ಎತ್ತಾಕ ಆಗವಲ್ದೇನಲೇ ಪರಪ್ಪಾ?” ಗರಡಿಯ ಹಿರಿಯ ಪೈಲವಾನ ಸತ್ತೆಪ್ಪ ನಕ್ಕ.

“ಈ ಕೈ ನಂದು,” ವಸ್ತಾದ ಶಿಷ್ಯನ ಕಿವಿಯಲ್ಲಿ ಹೇಳಿದ. “ತಾಟ ಒಗ್ಯಾಕ ಬೆಳಸಿಲ್ಲ ಇದನ್ನ.”

ಆಗ ಪರಪ್ಪನಿಗೆ ತಿಳಿಯಿತು. ಗುರು ಕೈ ಮುರಿಯಲೆಂದೇ ಹಿಡಿದಿದ್ದಾನೆ. ಗುರುವಿನ ಮೇಲೆ ಕೈ ಮಾಡಬಾರದು ಎಂದು ಹಲ್ಲು ಕಚ್ಚಿ ತಡೆದುಕೊಂಡ. ಮತ್ತೊಮ್ಮೆ ತಿರುವಿದಾಗ ತಡೆಯಲಾಗಲಿಲ್ಲ. ಮುದುಕನನ್ನು ಬೆನ್ನ ಮೇಲೆ ಹೊತ್ತುಕೊಂಡೇ ಎದ್ದ. ಕೆಳಗಿಳಿದ ವಸ್ತಾದ ಕೈ ಬಿಡದೆ ಎದುರು ಬಂದು ಅವನ ಮುಖಕ್ಕೆ ತಲೆಯಿಂದ ಗುದ್ದಿದ. ಮೂಗು ಒಡೆದು ರಕ್ತ ಎದೆಗಿಳಿಯಿತು. ಸತ್ತೆಪ್ಪನ ನಗು ನಿಂತಿತು.

ಆಮೇಲಿನದನ್ನು ಪರಪ್ಪನ ಕಾಲುಗಳು ಮಾಡಿದವು. ಎಡಗಾಲು ಊರಿತು, ಸೊಂಟ ತಿರುಗಿತು, ಭುಜ ಅದರ ಹಿಂದೆ ಬಂತು. ಕೈಗೆ ಜೋತುಬಿದ್ದಿದ್ದ ವಸ್ತಾದನ ಪಾದಗಳು ನೆಲ ಬಿಟ್ಟವು. ಒಂದು ಸುತ್ತು ತಿರುಗಿ ಹಿಡಿತ ಜಾರಿದಾಗ ಅವನು ಹೋಗಿ ಗೋಡೆಯ ಕಲ್ಲಿಗೆ ಅಪ್ಪಳಿಸಿದ. ಎಲುಬು ಮುರಿದ ಸಪ್ಪಳ ಎಲ್ಲರಿಗೂ ಕೇಳಿಸಿತು.

ಪರಪ್ಪ ಓಡಿಹೋಗಿ ಗುರುವಿನ ಕಾಲ ಬಳಿ ಕುಸಿದು ಕೂಸಿನ ಹಾಗೆ ಅತ್ತ. ಅವನ ಭುಜ ಊದಿತ್ತು, ಆದರೆ ಕೈ ಮೇಲೇಳುತ್ತಿತ್ತು. ವಸ್ತಾದನ ಬಲಗೈ ಜೋತು ಬಿದ್ದಿತ್ತು.

“ಯಾವ ಡಾವಲೇ ಅದು, ಯಾವ ಪಟ್ಟು? ನಾ ಕಲಿಸಿಲ್ಲಲ್ಲ.”

“ಡಾವ ಅಲ್ರಿ ಅದು. ತಾಟ ಒಗಿಯೂ ಮುಂದ ಹಂಗ ತಿರಗ್ತೀವ್ರಿ.”

“ತಿರಗಿ ತೋರಸು.”

ಪರಪ್ಪ ಅಳುತ್ತಲೇ ಮಣ್ಣಿನ ನಡುವೆ ನಿಂತು, ಬರಿಗೈಯಲ್ಲಿ ತಿರುಗಿದ. ಮುದುಕ ನೋವಿನಿಂದ ನರಳುತ್ತಲೇ ಅವನ ಪಾದಗಳನ್ನೇ ನೋಡಿದ.

“ಮಣ್ಣ ಹಚ್ರಿ ವಸ್ತಾದರ,” ಪರಪ್ಪ ಬಂದು ತಲೆ ಬಗ್ಗಿಸಿದ.

ವಸ್ತಾದ ಬಲಗೈ ಎತ್ತಲು ನೋಡಿದ. ಅದು ಏಳಲಿಲ್ಲ. “ಎಡಗೈಲೆ ಹಚ್ಚಬಾರ್ದು,” ಎಂದ.

“ಹಣಿ ತುಂಬ ಮಣ್ಣ ಐತೆಲ್ರಿ ಅವಂದು,” ಸತ್ತೆಪ್ಪ ಮೆಲ್ಲಗೆ ಅಂದ.

“ಅದು ನಾ ಹಚ್ಚಿದ್ದಲ್ಲ. ಮಾರಿ ತೊಳಕೊಂಡ ಹೋಗಲೇ, ಗಾಡಿ ತಪ್ಪೀತು.”

ಪರಪ್ಪ ಬಾವಿಯ ಹತ್ತಿರ ಮುಖ ತೊಳೆದು, ಬರಿ ಹಣೆಯಲ್ಲೇ ಘಟಪ್ರಭಾದ ಹಾದಿ ಹಿಡಿದ.

ಮರುದಿನ ಬೆಳಿಗ್ಗೆ ಹುಡುಗರು ದಿನದಂತೆ ಗುದ್ದಲಿ ಹಿಡಿದು ಗರಡಿಯ ಮಣ್ಣು ಅಗೆಯಲು ಬಂದರು. ಕೈಯನ್ನು ಎದೆಗೆ ಕಟ್ಟಿಸಿಕೊಂಡ ವಸ್ತಾದ ಆಗಲೇ ಕಟ್ಟೆಯ ಮೇಲೆ ಕೂತಿದ್ದ.

“ನಡುವಿಂದು ಬಿಟ್ಟ ಅಗೀರಿ,” ಎಂದ.

ಅವರು ಸುತ್ತಲೂ ಅಗೆದರು. ನಡುವೆ ದುಂಡಗೆ ತಿರುಗಿದ ಪಾದದ ಗುರುತು ಹಾಗೇ ಇತ್ತು.