ಪುಟ್ಟಿಯ ಫ್ಲಾಸ್ಕು

ವಾರದಲ್ಲಿ ಆರು ದಿನ ಅಪ್ಪನಿಗೆ ಕಷಾಯ ಮಾಡಿಕೊಡುವವಳು ನಾನು. ಏಳನೆಯ ದಿನ ಪುಟ್ಟಿ ತರುತ್ತಾಳೆ. ಹೊಗಳಿಕೆಯೆಲ್ಲ ಏಳನೆಯ ದಿನದ್ದು.

ಪುಟ್ಟಿ ಎಂದರೆ ನನ್ನ ತಂಗಿ. ವಯಸ್ಸು ಮೂವತ್ತೆಂಟಾದರೂ ಅಪ್ಪನ ಬಾಯಲ್ಲಿ ಇನ್ನೂ ಪುಟ್ಟಿಯೇ. ಊರಿನ ಆ ತುದಿಯಲ್ಲಿ ಗಂಡನ ಜೊತೆ ಇದ್ದಾಳೆ, ಕನ್ನಡಕದ ಅಂಗಡಿಯಲ್ಲಿ ಕೆಲಸ. ಭಾನುವಾರ ಹನ್ನೊಂದರ ಬಸ್ಸಿಗೆ ಬಂದು, ನಾನು ಮಾಡಿದ ಊಟ ಉಂಡು, ನಾಲ್ಕರ ಬಸ್ಸಿಗೆ ಹೊರಟುಬಿಡುತ್ತಾಳೆ. ಬರುವಾಗ ಚೀಲದಲ್ಲಿ ಒಂದು ನೀಲಿ ಫ್ಲಾಸ್ಕು. ಊಟವಾದ ಮೇಲೆ ಅದರ ಮುಚ್ಚಳ ತಿರುಗಿಸಿ ಅಪ್ಪನ ಲೋಟಕ್ಕೆ ಬಗ್ಗಿಸುತ್ತಾಳೆ. ಅಪ್ಪ ಒಂದು ಗುಟುಕು ಕುಡಿದು ಕಣ್ಣು ಮುಚ್ಚುತ್ತಾನೆ.

"ಆಹಾ! ನಿನ್ನ ಕೈಗುಣವೇ ಬೇರೆ ಪುಟ್ಟಿ. ವಾರವೆಲ್ಲ ಹೊಟ್ಟೆಯಲ್ಲಿ ಕಲ್ಲು ಇಟ್ಟ ಹಾಗಿರುತ್ತೆ. ಇದನ್ನ ಕುಡಿದ್ರೆ ನೋಡು, ಹಗುರ!"

ವಾರವೆಲ್ಲ ಅಂತೆ! ವಾರವೆಲ್ಲ ಮಾಡಿಕೊಟ್ಟವಳು ಅಲ್ಲೇ ಎಂಜಲು ತಟ್ಟೆ ಎತ್ತುತ್ತಾ ನಿಂತಿರುತ್ತೇನೆ. ಆ ಮನುಷ್ಯನ ಕಣ್ಣಿಗೆ ಬಿದ್ದರೆ ತಾನೇ.

ಅಪ್ಪ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವನು. ಬೆನ್ನು ಬಗ್ಗಿಸಿ ಕೂತೂ ಕೂತೂ ಹೊಟ್ಟೆ ಕೆಟ್ಟಿತು ಎಂದು ಅವನ ವಾದ. ಉಂಡ ತಕ್ಷಣ ಉಬ್ಬರ, ತೇಗು, ಎದೆಯುರಿ. ನಾನು ಮದುವೆಯಾಗಲಿಲ್ಲ. ಮುಂದಿನ ಕೋಣೆಯಲ್ಲಿ ಮಿಷನ್ ಹಾಕಿಕೊಂಡು ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತೇನೆ. ದಿನಾ ಮಧ್ಯಾಹ್ನ ಮಿಷನ್ ನಿಲ್ಲಿಸಿ ಎದ್ದು, ಕೊತ್ತಂಬರಿ ಬೀಜ, ಜೀರಿಗೆ, ಸೋಂಪು ತಲಾ ಒಂದೊಂದು ಚಮಚ ಹುರಿಯುತ್ತೇನೆ. ಒಟ್ಟಿಗಲ್ಲ, ಬೇರೆ ಬೇರೆ. ಕೊತ್ತಂಬರಿ ಬೀಜಕ್ಕೆ ಹೊತ್ತು ಹಿಡಿಯುತ್ತದೆ, ಜೀರಿಗೆ ಆಚೆ ಈಚೆ ನೋಡುವಷ್ಟರಲ್ಲಿ ಸೀದು ಹೋಗುತ್ತದೆ. ತರಿತರಿಯಾಗಿ ಕುಟ್ಟಿ, ಮೂರು ಲೋಟ ನೀರು ಎರಡಾಗುವ ತನಕ ಕುದಿಸಿ, ಸೋಸಿ ಕೊಡುತ್ತೇನೆ. ಅಪ್ಪ ಗಟಗಟ ಕುಡಿದು ಲೋಟ ಕೆಳಗಿಟ್ಟು "ಹೂಂ" ಎನ್ನುತ್ತಾನೆ. ಹನ್ನೊಂದು ವರ್ಷದಿಂದ ಬರೀ "ಹೂಂ".

ಒಂದೇ ಒಂದು ಸಲ "ಚೆನ್ನಾಗಿದೆ ಕಣಮ್ಮಾ" ಅಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು? ನಾನು ಸೀರೆ ಕೇಳಲಿಲ್ಲ, ಒಡವೆ ಕೇಳಲಿಲ್ಲ. ಆ ಒಂದು ಮಾತಿಗೆ ಬಾಯಿ ಬಿಟ್ಟುಕೊಂಡು ಕಾದಿದ್ದೆ.

ಪುಟ್ಟಿ ಫ್ಲಾಸ್ಕು ತರುವುದಕ್ಕೆ ಶುರುಮಾಡಿ ಎರಡು ವರ್ಷವಾಯಿತು. ಅವಳದರಲ್ಲಿ ಅಂಥದ್ದೇನಿದೆ ಎಂದು ತಲೆ ಕೆಡಿಸಿಕೊಂಡು ನಾನು ಮಾಡದ ಸರ್ಕಸ್ಸಿಲ್ಲ. ಸೋಂಪು ಜಾಸ್ತಿ ಹಾಕಿದೆ. ಶುಂಠಿ ಜಜ್ಜಿ ಹಾಕಿದೆ. ದಿನಸಿ ಅಂಗಡಿ ಬದಲಿಸಿದೆ, ಕೊನೆಗೆ ಪಾತ್ರೆಯನ್ನೂ ಬದಲಿಸಿದೆ. ಎಲ್ಲದಕ್ಕೂ "ಹೂಂ". ಅವಳದನ್ನು ಒಂದು ಗುಟುಕು ಕುಡಿದು ನೋಡಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಪುಟ್ಟಿ "ನೀನೂ ಸ್ವಲ್ಪ ತಗೋ ಅಕ್ಕಾ" ಎಂದಾಗೆಲ್ಲ, "ನನ್ನ ಹೊಟ್ಟೆ ಚೆನ್ನಾಗೇ ಇದೆ, ನಿನ್ನ ಅಪ್ಪನಿಗೆ ಕೊಡು" ಎಂದುಬಿಡುತ್ತಿದ್ದೆ. ಹೊಟ್ಟೆಕಿಚ್ಚಾ? ಹೌದು, ಹೊಟ್ಟೆಕಿಚ್ಚೇ. ಮುಚ್ಚಿಡುವುದೇನಿದೆ?

ಹೋದ ತಿಂಗಳ ಮೊದಲ ಭಾನುವಾರ ಅವಳು ಬಂದವಳೇ ಫ್ಲಾಸ್ಕನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಅಪ್ಪನ ಕೋಣೆಗೆ ಹೋದಳು. ಒಳಗಿಂದ ನಗುವೋ ನಗು. ಅಪ್ಪ ನನ್ನ ಜೊತೆ ಹಾಗೆ ನಕ್ಕು ಯಾವ ಕಾಲವಾಯಿತೋ. ನನಗೆ ತಡೆಯಲಾಗಲಿಲ್ಲ. ಮುಚ್ಚಳ ತೆಗೆದು ಒಂದು ಚಮಚ ಬಾಯಿಗೆ ಬಿಟ್ಟುಕೊಂಡೆ.

ಥೂ! ಕಹಿ ಅಂದರೆ ಕಹಿ. ಮಹಾರಾಯ್ತಿ ಮೂರನ್ನೂ ಒಟ್ಟಿಗೆ ಬಾಣಲೆಗೆ ಸುರಿದಿದ್ದಾಳೆ. ಕೊತ್ತಂಬರಿ ಬೀಜ ಬಿಸಿಯಾಗುವ ಹೊತ್ತಿಗೆ ಜೀರಿಗೆ ಕರಕಲು. ಇದಕ್ಕೆ ಕೈಗುಣವಂತೆ, ಹಗುರವಂತೆ!

ಅಡುಗೆ ಮುಗಿಯುವಷ್ಟರಲ್ಲಿ ನನ್ನ ಕಷಾಯವೂ ತಯಾರಾಯಿತು. ಅವಳದನ್ನು ಸಿಂಕಿಗೆ ಸುರಿದು, ಫ್ಲಾಸ್ಕು ತೊಳೆದು, ನನ್ನದನ್ನು ತುಂಬಿಟ್ಟೆ. 

ಊಟವಾಯಿತು. ಪುಟ್ಟಿ ಬಗ್ಗಿಸಿಕೊಟ್ಟಳು. ಅಪ್ಪ ಒಂದು ಗುಟುಕು ಕುಡಿದು ಒಂದು ಕ್ಷಣ ಲೋಟದೊಳಗೆ ನೋಡಿದ. ಆಮೇಲೆ ಎಂದಿನಂತೆ ಕಣ್ಣು ಮುಚ್ಚಿ, "ಆಹಾ! ನಿನ್ನ ಕೈಗುಣವೇ ಬೇರೆ ಪುಟ್ಟಿ" ಎಂದ.

"ಅದು ಅವಳ ಕೈಯಲ್ಲ, ನನ್ನ ಕೈ!" ಎಂದೆ. ನಾನು ಕಿರುಚಿದ ರಭಸಕ್ಕೆ ಪುಟ್ಟಿ ಬೆಚ್ಚಿಬಿದ್ದಳು. "ನೀನು ಕುಡಿದಿದ್ದು ನಾನು ಮಾಡಿದ್ದು. ಅವಳದು ಸೀದು ಕರಕಲಾಗಿತ್ತು, ಸಿಂಕಿಗೆ ಸುರಿದೆ. ಈಗ ಹೇಳು, ಯಾರ ಕೈಗುಣ?"

ಪುಟ್ಟಿ ನನ್ನನ್ನು ನೋಡಲೇ ಇಲ್ಲ. "ಸೀದಿರ್ತಿತ್ತಾ ಅಪ್ಪಾ?" ಎಂದು ಕೇಳಿದಳು.

ಅಪ್ಪ ಇಲ್ಲ ಎನ್ನಬಹುದಿತ್ತು. ಆದರೆ ನಾನು ಕಣ್ಣು ಕೆಕ್ಕರಿಸಿಕೊಂಡು ಎದುರಿಗೇ ನಿಂತಿದ್ದೆನಲ್ಲ. "ಒಂಚೂರು" ಎಂದ.

"ಪ್ರತಿ ಸಲವೂ?"

ಅಪ್ಪ ಲೋಟ ಕೆಳಗಿಟ್ಟ.

"ಎರಡು ವರ್ಷ ಅಪ್ಪಾ! ರಜಾ ದಿನವೂ ಬೇಗ ಎದ್ದು ಮಾಡ್ತಿದ್ದೆ. ಬಾಯಿಬಿಟ್ಟು ಒಂದು ಮಾತು ಹೇಳಬಾರದಿತ್ತಾ?" ಅವಳ ಕಣ್ಣಲ್ಲಿ ನೀರಾಡಿತು. ಫ್ಲಾಸ್ಕನ್ನು ಚೀಲಕ್ಕೆ ಹಾಕಿಕೊಂಡು, ಏನೋ ಕೆಲಸವಿದೆ ಎಂದು ಎರಡರ ಬಸ್ಸಿಗೇ ಹೊರಟುಹೋದಳು.

ನಾನು ಗೆದ್ದಿದ್ದೆ. ಪಾತ್ರೆ ತೊಳೆಯುತ್ತಾ, ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಿವಿಯನ್ನೆಲ್ಲ ಅಪ್ಪನ ಕಡೆಗೇ ಇಟ್ಟುಕೊಂಡಿದ್ದೆ.

"ಸಮಾಧಾನ ಆಯ್ತಾ?" ಎಂದ ಅಪ್ಪ.

"ನನ್ನನ್ನೇ ಕೇಳು! ಆ ಕರಕಲು ನೀರು ಕುಡಿದು ಆಹಾ ಓಹೋ ಅಂತಿದ್ದವನು ನೀನು. ಯಾಕೆ?"

"ಒಂದೂವರೆ ಗಂಟೆ ಬಸ್ಸಲ್ಲಿ ಕೂತು ಬರ್ತಾಳೆ. ಹೊಗಳಿದ್ರೆ ಮುಂದಿನ ವಾರವೂ ಬರ್ತಾಳೆ. ಕೊಡೋಕೆ ನನ್ನ ಹತ್ರ ಇನ್ನೇನಿದೆ?"

"ಮತ್ತೆ ನಾನು?"

"ನೀನಾ?" ಅಪ್ಪನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ನೀನೆಲ್ಲಿ ಹೋಗ್ತೀಯಾ?"

ಕೆನ್ನೆಗೆ ಬಾರಿಸಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಹೋಗಿ ಮಿಷನ್ ಮುಂದೆ ಕೂತೆ. ಒಂದೇ ತೋಳನ್ನು ಎರಡು ಸಲ ತಿರುವುಮುರುವು ಹೊಲಿದು, ಎರಡು ಸಲ ಬಿಚ್ಚಿದೆ.

ಮುಂದಿನ ಭಾನುವಾರ ಪುಟ್ಟಿ ಬರಲಿಲ್ಲ. ತಲೆನೋವಂತೆ. ಅದರ ಮುಂದಿನ ವಾರ ಅಂಗಡಿಯಲ್ಲಿ ಕೆಲಸವಂತೆ. ಸುಳ್ಳೇಕೆ, ಮೊದಲ ವಾರ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆದರೆ ಅಪ್ಪ ಹತ್ತೂವರೆಗೇ ಗಡ್ಡ ಹೆರೆದುಕೊಂಡು ಕಿಟಕಿ ಹತ್ತಿರ ಕುರ್ಚಿ ಎಳೆದುಕೊಳ್ಳುತ್ತಿದ್ದ. ಬಸ್ಸು ನಿಂತು ಹೊರಟ ಮೇಲೂ ಅಲ್ಲಿಂದ ಏಳುತ್ತಿರಲಿಲ್ಲ.

ಮೂರನೆಯ ಭಾನುವಾರವೂ ಹಾಗೇ ಕಳೆಯಿತು. ಊಟದ ನಂತರ ಕಷಾಯ ಕೊಟ್ಟೆ. ಅಪ್ಪ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ.

"ಆಹಾ! ಚೆನ್ನಾಗಿದೆ ಕಣಮ್ಮಾ. ನಿನ್ನ ಕೈಗುಣವೇ ಬೇರೆ."

ಹನ್ನೊಂದು ವರ್ಷ ಕಾದಿದ್ದ ಮಾತು. ಆದರೆ ಆ ದನಿ ನನಗೆ ಗೊತ್ತು. ಎರಡು ವರ್ಷ ತಟ್ಟೆ ಎತ್ತುತ್ತಾ ಕೇಳಿಸಿಕೊಂಡಿದ್ದೇನೆ. ಅಪ್ಪ ಮೆಲ್ಲಗೆ ಒಂದು ಕಣ್ಣು ತೆರೆದು ನನ್ನ ಮುಖ ನೋಡಿದ.

"ಪುಟ್ಟಿಗೆ ಒಂದು ಫೋನ್ ಮಾಡ್ತೀಯಾ?" ಎಂದ.

ಮಾಡಿದೆ. "ಯಾಕೆ? ನಾನು ತಂದಿದ್ದನ್ನ ಸಿಂಕಿಗೆ ಸುರಿಯೋಕಾ?" ಎಂದಳು ಪುಟ್ಟಿ.

"ನನ್ನದೇ ತಪ್ಪು ಕಣೇ. ಅಪ್ಪ ಕಿಟಕಿ ಬಿಟ್ಟು ಏಳ್ತಿಲ್ಲ. ಬಾ."

"ಹನ್ನೊಂದರ ಬಸ್ಸಿಗೆ" ಎಂದಳು.

"ಬರ್ತಾಳಂತೆ" ಎಂದೆ. ಅಪ್ಪನ ಮುಖ ಅರಳಿತು. ಲೋಟವನ್ನು ಕಿಟಕಿಯ ಮೇಲಿಟ್ಟು, ಯಾವ ಅಂಗಿ ಇಸ್ತ್ರಿಯಾಗಿದೆ ಎಂದು ನೋಡುವುದಕ್ಕೆ ಎದ್ದು ಒಳಗೆ ಹೋದ. ಇನ್ನೂ ಏಳು ದಿನ ಇತ್ತು.

ಲೋಟದಲ್ಲಿ ಮುಕ್ಕಾಲು ಕಷಾಯ ಹಾಗೇ ಉಳಿದಿತ್ತು. ನಾನೇ ಕೂತು ಕುಡಿದೆ. ಚೆನ್ನಾಗಿತ್ತು.