ಕುಂದ್ರಿಸಿದ ಮೇಲೆ

ರಾಧಿಕಾ ಕೆಟ್ಟು ನಿಂತ ವ್ಯಾನಿನ ಡ್ರೈವರ್ ಪಕ್ಕದ ಸೀಟನ್ನು ಮೇಲೆತ್ತಿದಾಗ ಅಡಿಯ ಎಂಜಿನ್ನಿನಿಂದ ಹಸಿ ಪೆಟ್ರೋಲಿನ ವಾಸನೆ ಮುಖಕ್ಕೆ ಹೊಡೆಯಿತು. ಅವಳು ಹಿಂದೆ ತಿರುಗಿ ನೋಡಿದ್ದು ಅಪ್ಪನ ಮುಖವನ್ನಲ್ಲ, ಅವನ ಮುಂದೆ ಉರಿಯುತ್ತಿದ್ದ ಊದಿನಕಡ್ಡಿಗಳನ್ನು.

"ಕಾಕಾ, ಅವನ್ನ ಆರಸ್ರಿ."

"ಸತ್ತವರ ಮುಂದಿನ ಕಡ್ಡಿ ಆರಸಬಾರದವಾ," ಎಂದರು ಶಿವಪುತ್ರ ಕಾಕಾ. ಸಮಾಜದಲ್ಲಿ ಯಾರು ಸತ್ತರೂ ಮಣ್ಣು ಮಾಡುವ ಕೆಲಸಕ್ಕೆ ಅವರೇ ಮುಂದು.

"ಹಂಗಾರ ಹೊರಗ ಒಯ್ರಿ. ಇಲ್ಲಂದ್ರ ಅಪ್ಪನ ಜೋಡಿ ನಾವೂ ಹೋಗ್ತೀವಿ."

ಕಾಕಾ ಕಡ್ಡಿಗಳಿಗೆ ಅಂಗೈ ಮರೆಮಾಡಿಕೊಂಡು ಇಳಿದು, ಹೈವೇ ಬದಿಯ ಮಣ್ಣಿಗೆ ಊರಿ ಬಂದರು. ಹಿಂದಿನ ಬಸ್ಸುಗಳ ಹಾರ್ನು ನಿಲ್ಲುತ್ತಲೇ ಇರಲಿಲ್ಲ.

ಹಿಂದಿನ ಸೀಟು ಕಿತ್ತು ಕಟ್ಟಿದ ಮರದ ಕುರ್ಚಿಯಲ್ಲಿ ಅಪ್ಪ ಕಾಶಪ್ಪ ಕೂತಿದ್ದ. ಹಣೆ ತುಂಬ ವಿಭೂತಿ, ಎಡ ಅಂಗೈಯಲ್ಲಿ ಇಷ್ಟಲಿಂಗ. ಹೆಂಡತಿ ಅಂಬವ್ವ ಅವನ ಭುಜಕ್ಕೆ ತೋಳು ಕೊಟ್ಟು ಹಿಡಿದಿದ್ದಳು. ಅವನದೇ ಗ್ಯಾರೇಜಿನ ಹಳೇ ವ್ಯಾನು. ಬಾಂದ್ರಾದ ರುದ್ರಭೂಮಿಗೆಂದು ಮಲಾಡ್‌ನಿಂದ ಹೊರಟಾಗಲೇ ಕಪ್ಪು ಹೊಗೆ ಕಾರುತ್ತಿತ್ತು. ಅಂಧೇರಿ ಬರುವಷ್ಟರಲ್ಲಿ ನಿಂತೇಬಿಟ್ಟಿತು.

"ಬ್ಯಾರೇ ಶವವಾಹನ ಕರಸ್ತೀನಿ," ಅಂದ ಶ್ರೀಶೈಲ. ರಾಧಿಕಾಳ ಅಣ್ಣ, ಕೀಲಿ ತಿರುವಿ ತಿರುವಿ ಅವನ ಬೆರಳು ಕೆಂಪಾಗಿತ್ತು.

"ಅದ್ರಾಗ ಸ್ಟ್ರೆಚರ್ ಇರ್ತೈತಿ," ಅಂದಳು ಅಂಬವ್ವ. "ಕುಂದ್ರಿಸಿ ಪೂಜಿ ಮಾಡಿದ ಮ್ಯಾಲ ಮಲಗಸಬಾರದು. ಮಲಗಸ್ತೀನಿ ಅಂದ್ರೂ ಮೈ ಸೆಟದೈತಿ. ನಿಮ್ಮಪ್ಪನ ಕಾಲು ಮುರೀತಿಯೇನು?"

ಕಾಕಾ ಕಟ್ಟಡಗಳ ನಡುವೆ ಇಳಿಯುತ್ತಿದ್ದ ಸೂರ್ಯನನ್ನು ನೋಡಿದರು. "ಹೊತ್ತು ಮುಳುಗಿದ್ರ ಮಣ್ಣು ಕೊಡಂಗಿಲ್ಲ. ನಿನ್ನೆ ಹೋದ ಜೀವ, ಇನ್ನೊಂದು ರಾತ್ರಿ ಎಲ್ಲಿ ಇಡ್ತೀರಿ? ಊರ ಗಾಡಿ ಎಲ್ಲಾ ರಿಪೇರಿ ಮಾಡಿದ ಮನಷ್ಯಾ, ತನ್ನ ಗಾಡಿ ಮಾತ್ರ ನಾಳಿ ನೋಡೂಣು ಅಂದ."

ಶ್ರೀಶೈಲ ಮತ್ತೆ ಕೀಲಿ ತಿರುವಿ ಪೆಡಲ್ ಒದ್ದ.

"ಒದೀಬ್ಯಾಡ ಅಣ್ಣಾ. ಅದು ಹೊಟ್ಟಿ ತುಂಬಿ ಕಾರಾಕತ್ತೈತಿ, ನೀ ಮತ್ತ ತುತ್ತು ಇಡ್ತಿ."

"ಅಪ್ಪನಂಗ ಮಾತಾಡಬ್ಯಾಡ."

*

ಅಪ್ಪನ ಮಾತು ಗ್ಯಾರೇಜಿನಾಚೆ ಬೀದಿಗೂ ಕೇಳುತ್ತಿತ್ತು. ಚಹಾ ತಂದವನಿಗೆ ಊಟ ಹಾಕಿಸುತ್ತಿದ್ದ. ನಟ್ಟು ತಿರುವುವ ಪಾನಾ ತಪ್ಪಾಗಿ ಹಿಡಿದ ಮಗನನ್ನು ಗಿರಾಕಿಗಳೆದುರೇ ಬೈಯುತ್ತಿದ್ದ. ಎರಡೂ ಬೇಕಾದ್ದಕ್ಕಿಂತ ಹೆಚ್ಚೇ. ಶ್ರೀಶೈಲ ಒಂದು ದಿನ ಕೈ ತೊಳೆದುಕೊಂಡು ಪವಾಯಿಯ ಆಫೀಸೊಂದಕ್ಕೆ ಹೋದವನು ಗ್ಯಾರೇಜಿಗೆ ತಿರುಗಿ ಬರಲಿಲ್ಲ. ರಾಧಿಕಾ ಉಳಿದಳು.

ಹೊಗೆ ಉಗುಳುವ ಗಾಡಿ ಬಂದರೆ ಕಾಶಪ್ಪ ತನ್ನ ಅವ್ವನ ಕತೆ ತೆಗೆಯುತ್ತಿದ್ದ. "ಒಬ್ಬಾಕಿ ರಾಣಿ ಇದ್ಲು. ಉಂಡಷ್ಟೂ ಸೊರಗ್ತಿದ್ಲು. ರಾಜಾ ಹೋಳಿಗಿ ತಂದ, ಮಂತ್ರಿ ಹುಗ್ಗಿ ತಂದ. ಕಡೀಕ ಒಬ್ಬಾಕಿ ಮುದುಕಿ ಬಂದು, ಅನ್ನ ಸಾಕು, ಆಕಿಗೆ ಉಸುರು ಬೇಕಾಗೇದ, ಕಿಟಕಿ ತಗೀರಿ ಅಂದ್ಲು."

"ಆಮ್ಯಾಲ?"

"ಆಮ್ಯಾಲ ಏನು, ಪ್ಲಗ್ ಬಿಚ್ಚು."

*

ಬಿಚ್ಚಿದ ಪ್ಲಗ್ಗುಗಳು ಕಾಡಿಗೆಯಂತೆ ಕಪ್ಪಾಗಿ ಒದ್ದೆಯಾಗಿದ್ದವು. ರಾಧಿಕಾ ಕಾಕಾನ ಹೆಗಲ ಟವೆಲ್ಲಿನಿಂದಲೇ ಅವನ್ನು ಒರೆಸಿದಳು. ಗಾಳಿ ಬಿಡುವ ಚೋಕ್ ನೋಡಿದಳು; ಸರಿಯಾಗಿ ತೆರೆದಿತ್ತು. ಕಾರ್ಬ್ಯುರೇಟರಿನ ಮುಚ್ಚಳ ತೆಗೆದರೆ ಪೆಟ್ರೋಲು ಅಂಚಿನವರೆಗೆ ತುಂಬಿತ್ತು. ಅದರ ಮೇಲೆ ತೇಲಬೇಕಾದ ಹಿತ್ತಾಳೆಯ ಫ್ಲೋಟು ಮುಳುಗಿ ಕೂತಿತ್ತು. ಹೊರಗೆ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಪೆಟ್ರೋಲು ಕುಲುಕಿತು.

"ತೂತಾಗೈತಿ. ಇದು ತೇಲಿದ್ರ ಪೆಟ್ರೋಲ್ ಬಂದ್ ಆಗ್ತೈತಿ. ಮುಳುಗಿದ್ರ ಬರ್ತಾನ ಇರ್ತೈತಿ."

"ಬೆಸುಗಿ ಹಾಕಾಕ ಇಲ್ಲೇನೈತಿ?" ಎಂದ ಶ್ರೀಶೈಲ.

"ಏನೂ ಇಲ್ಲ. ನಾ ಪೈಪ್ ಹಿಸುಕಿ ಹಿಡೀತೀನಿ, ಆವಾಜ್ ಕೇಳಿ ಬಿಡ್ತೀನಿ. ನೀ ಕಾಲು ಹಗುರ ಇಡು."

"ನನ್ನ ಕಾಲು ಭಾರ ಅಂತ ಅಪ್ಪ ಸಾಯೂ ತನಕ ಅಂದ."

"ಇವತ್ತ ಹಗುರ ಇಡು."

ಎಲ್ಲವನ್ನೂ ಮರಳಿ ಜೋಡಿಸಿ, ಎತ್ತಿದ ಸೀಟಿನ ಪಕ್ಕ ಮುದುರಿ ಕೂತು, ಅವಳು ಪೆಟ್ರೋಲ್ ಪೈಪನ್ನು ಇಕ್ಕಳದಲ್ಲಿ ಹಿಡಿದಳು. ಎಂಜಿನ್ ಕೆಮ್ಮಿತು, ಸತ್ತಿತು, ಮತ್ತೆ ಕೆಮ್ಮಿ ಹಿಡಿಯಿತು. ಹೊಗೆ ದಟ್ಟವಾದರೆ ಹಿಸುಕುವುದು, ಉಸಿರು ಸಣ್ಣಗಾದರೆ ಸಡಿಲಿಸುವುದು. ಒಂದು ಸಿಗ್ನಲ್ಲಿನಲ್ಲಿ ಸಡಿಲಿಸುವುದು ತಡವಾಗಿ ಎಂಜಿನ್ ನಿಂತೇಹೋಗುವಂತಿತ್ತು. ಶ್ರೀಶೈಲನ ಕಾಲು ಪೆಡಲನ್ನು ಒದೆಯಲು ಎದ್ದಿತು, ಅಲ್ಲೇ ತಡೆಯಿತು, ಮೆಲ್ಲಗೆ ಇಳಿಯಿತು. ವ್ಯಾನು ನಡುಗುತ್ತಾ ಮುಂದೆ ಹೋಯಿತು; ಕಾಶಪ್ಪನ ಕೊರಳಿನ ಹೂವಿನ ಹಾರವೂ ನಡುಗುತ್ತಿತ್ತು. ಬಿಸಿಗೆ ರಾಧಿಕಾಳ ಮಣಿಕಟ್ಟು ಸುಡುತ್ತಿತ್ತು. ಬಾಂದ್ರಾದ ಬೋರ್ಡು ಕಂಡಾಗ ಕಾಕಾ, "ಬಂತವಾ, ಬಂತು," ಎಂದು ಯಾರಿಗೋ ಹೇಳಿದರು.

ರುದ್ರಭೂಮಿಯ ಗೇಟು ಹೊಕ್ಕಾಗ ಕಾಂಪೌಂಡಿನ ತುದಿಯಲ್ಲಿ ಬಿಸಿಲು ಇನ್ನೂ ಇತ್ತು. ತೋಡಿದ ಕುಣಿಯ ಪಕ್ಕ ಒಬ್ಬ ಕರ್ಪೂರದ ತಟ್ಟೆ ಹಿಡಿದು ಕಾಯುತ್ತಿದ್ದ. ಶ್ರೀಶೈಲ ಕೀಲಿಗೆ ಕೈ ಹಾಕಿದ.

"ತಡಿ. ಅಲ್ಲಿ ಬೆಂಕಿ ಹಚ್ಚತಾರ. ಒಳಗಿನ ಪೆಟ್ರೋಲೆಲ್ಲಾ ಎಂಜಿನ್ನ ಸುಟ್ಟು ಮುಗಿಸ್ಲಿ."

ರಾಧಿಕಾ ಪೈಪನ್ನು ಪೂರ್ತಿ ಹಿಸುಕಿದಳು. ಹೊಗೆ ತೆಳುವಾಯಿತು, ಆಮೇಲೆ ಕಾಣಿಸಲೇ ಇಲ್ಲ. ಮಲಾಡ್‌ನಿಂದ ಕುಲುಕುತ್ತಾ ಬಂದ ಎಂಜಿನ್ ಕೊನೆಯ ಗುಟುಕಿಗೆ ಹದಕ್ಕೆ ಬಂದು, ಹೊಸದರಂತೆ, ಸಣ್ಣ ದನಿಯಲ್ಲಿ ಓಡತೊಡಗಿತು. ಶ್ರೀಶೈಲ ಪೆಡಲಿನಿಂದ ಕಾಲು ತೆಗೆದ. ಅಂಬವ್ವ ಭುಜ ಹಿಡಿದಿದ್ದ ತೋಳನ್ನು ಮೆಲ್ಲಗೆ ಸಡಿಲಿಸಿದಳು.

ಎಂಜಿನ್ ಇನ್ನೂ ನಡೆಯುತ್ತಿತ್ತು. ಕಾಶಪ್ಪನ ಕೊರಳಿನ ಹಾರದಲ್ಲಿ ಒಂದು ಎಸಳೂ ಅಲುಗುತ್ತಿರಲಿಲ್ಲ.